ಕೊನೆಯ ಹತ್ತು ಅಡಿ

ನಮ್ಮ ಕಡೆ ‘ನಿಧಿ ಹುಡುಕೋದು’ ಅಂದರೆ ಅದು ಆಟ ಅಲ್ಲ, ಪೊಲೀಸ್ ಕೇಸು. ಅಮಾವಾಸ್ಯೆ ರಾತ್ರಿ ಹಾಳುಬಿದ್ದ ದೇವಸ್ಥಾನಕ್ಕೆ ನುಗ್ಗಿ, ನಂದಿಯ ಬುಡ ಅಗೆದು, ಬೆಳಗಾಗುವಷ್ಟರಲ್ಲಿ ಒಂದಿಷ್ಟು ನಿಂಬೆಹಣ್ಣು, ಕುಂಕುಮ ಮತ್ತು ಆಳುದ್ದ ಗುಂಡಿ ಬಿಟ್ಟು ಪರಾರಿಯಾಗುವವರ ಸುದ್ದಿ ಪೇಪರಿನ ಒಳಪುಟದಲ್ಲಿ ಆಗಾಗ ಬರುತ್ತಲೇ ಇರುತ್ತೆ. ಅಂಥ ಸುದ್ದಿ ಓದಿದಾಗೆಲ್ಲ ನನ್ನನ್ನು ಕಾಡೋದು ಅವರ ದುರಾಸೆಗಿಂತ ಅವರ ಕುರುಡು. ನೂರಾರು ವರ್ಷದಿಂದ ಒಂದು ನಂದಿ ಕಣ್ಣೆದುರಿಗೇ ಕೂತಿದೆ. ಅವರಿಗೆ ಅದು ಬರೀ ಮುಚ್ಚಳ. ಬೆಲೆಬಾಳೋದು ಏನಿದ್ದರೂ ಅದರ ಕೆಳಗೆ.

ಅಮೆರಿಕದ ವಿಶ್ವವಿದ್ಯಾಲಯಗಳ ಕೆಲವು ಕಲಾ ಮ್ಯೂಸಿಯಂಗಳು ಜನರನ್ನು ಸೆಳೆಯೋಕೆ ಪ್ರದರ್ಶನಗಳ ಜತೆಗೆ ನಿಧಿ ಹುಡುಕುವ ಆಟವನ್ನೂ ಇಟ್ಟುಕೊಂಡಿವೆ ಅಂತ ಗೊತ್ತಾದಾಗ ಮೊದಲು ನೆನಪಾದದ್ದು ಆ ನಂದಿಯೇ. ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ನೀವು ಫೋನ್ ಹಿಡಿದು ಅಲ್ಲಿಗೆ ಹೋಗಿ, ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇವತ್ತು ಜಗತ್ತಿನಲ್ಲಿ ಇಂಥವು 30 ಲಕ್ಷಕ್ಕೂ ಹೆಚ್ಚಿವೆ. ಬೆಂಗಳೂರಿನಲ್ಲೂ ಒಂದಿಷ್ಟಿವೆ. ಆಡುವವರು ಕಡಿಮೆ ಅಷ್ಟೆ.

ಇದು ಶುರುವಾದ ಕಥೆ ಚೆನ್ನಾಗಿದೆ. 2000ನೇ ಇಸವಿಯ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಮಸುಕು ಮಾಡಿ ಕೊಡ್ತಿತ್ತು. ನಿಖರವಾದದ್ದು ಮಿಲಿಟರಿಗೆ ಮಾತ್ರ. ನೀವು ಇಲ್ಲಿದ್ದೀರಿ ಅಂತ ಸಾಧನ ಹೇಳಿದರೆ ನೂರು ಮೀಟರ್ ಆಚೆ ಈಚೆ. ಕ್ಲಿಂಟನ್ ಆದೇಶದ ಮೇಲೆ ಆ ಮಸುಕನ್ನು ತೆಗೆದದ್ದೇ ತಡ, ಮೇ 3ರಂದು ಡೇವ್ ಉಲ್ಮರ್ ಅನ್ನುವವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಹುದುಗಿಸಿಟ್ಟು ಅದರ ವಿಳಾಸವನ್ನು ಅಂಕಿಗಳಲ್ಲಿ ಜಗತ್ತಿಗೆ ಹೇಳಿದರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಬೀನ್ಸ್ ಡಬ್ಬಿ. ಏನಾದರೂ ತಗೊಳ್ಳಿ, ಏನಾದರೂ ಇಟ್ಟು ಹೋಗಿ ಅನ್ನೋದಷ್ಟೇ ನಿಯಮ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬಾತ ಅದನ್ನು ಹುಡುಕಿಯೂ ಬಿಟ್ಟರು. ಆ ಬೀನ್ಸ್ ಡಬ್ಬಿಗೆ ಈ ಆಟದವರ ನಡುವೆ ಇವತ್ತಿಗೂ ಪೂಜ್ಯಸ್ಥಾನ ಇದೆ, ನಗಬೇಡಿ.

ಈ ಆಟದಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಸಂಗತಿ ಒಂದಿದೆ. ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ನಿಮ್ಮನ್ನು ಕೈಹಿಡಿದು ನಡೆಸಿಕೊಂಡು ಬಂದು ಹತ್ತು ಹದಿನೈದು ಅಡಿ ದೂರದಲ್ಲಿ ಕೈಬಿಡುತ್ತವೆ. ಅಲ್ಲಿಂದ ಮುಂದೆ ಫೋನ್ ಸುಮ್ಮನೆ ತಿರುಗ್ತಾ ಇರುತ್ತೆ. ಪಳಗಿದ ಆಟಗಾರರು ಆಗ ಫೋನನ್ನು ಜೇಬಿಗಿಟ್ಟು ಕಣ್ಣು ತೆರೀತಾರೆ. ಇಷ್ಟು ನೀಟಾಗಿ ಬಿದ್ದಿರುವ ಕಡ್ಡಿಗಳು ತಾವಾಗಿ ಬಿದ್ದವಲ್ಲ, ಈ ಕಲ್ಲಿಗೆ ಪಾಚಿ ಯಾಕಿಲ್ಲ, ಈ ಬೋಲ್ಟ್ ಇಲ್ಲಿ ಏನು ಮಾಡ್ತಿದೆ? ದಿನವಿಡೀ ಸ್ಕ್ರೀನ್ ನೋಡುವ ನಮ್ಮಂಥವರಿಗೆ ಸ್ಕ್ರೀನ್ ಕೈಕೊಟ್ಟ ಮೇಲೆಯೇ ಶುರುವಾಗುವ ಆಟ ಇದು.

ಕಲಾ ಮ್ಯೂಸಿಯಂಗಳಿಗೂ ಬೇಕಿರೋದು ಆ ಕೊನೆಯ ಹತ್ತು ಅಡಿಯೇ. ಜನ ಬರೋದಿಲ್ಲ ಅನ್ನೋದು ಅರ್ಧ ಸಮಸ್ಯೆ. ಬಂದವರು ನೋಡೋದಿಲ್ಲ ಅನ್ನೋದು ಇನ್ನರ್ಧ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜನ ಒಂದು ಕೃತಿಯ ಮುಂದೆ ನಿಂತ ಸರಾಸರಿ ಹೊತ್ತು 27.2 ಸೆಕೆಂಡ್. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಹಾಗಾಗಿ ಹತ್ತು ಅಡಿ ದೂರದಲ್ಲಿ ನಿಲ್ಲಿಸಿ ‘ಈಗ ಕಣ್ಣಿಂದ ಹುಡುಕು’ ಅನ್ನುವ ಆಟ ಸಿಕ್ಕಿದರೆ ಯಾವ ಕ್ಯುರೇಟರ್ ತಾನೆ ಬೇಡ ಅಂತಾರೆ?

ಆದರೆ ಆಟ ಮ್ಯೂಸಿಯಂ ಬಾಗಿಲು ದಾಟುವಾಗ ಒಂದು ಎಡವಟ್ಟಾಗುತ್ತೆ. ಅಲ್ಲಿ ಡಬ್ಬಿ ಬಚ್ಚಿಡೋದು ಕಷ್ಟ. ಕ್ಯಾಂಪಸ್ಸಿನ ಪೊದೆಯಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಮೊದಲು ಬರೋದು ಬಾಂಬ್ ಸ್ಕ್ವಾಡ್. ಹಾಗೆ ಬಂದು ಬಡಪಾಯಿ ಡಬ್ಬಿಗಳನ್ನು ಉಡಾಯಿಸಿದ ಪ್ರಸಂಗಗಳೂ ಇವೆ. ಅದಕ್ಕೇ ಇಂಥ ಕಡೆ ಹೊಂದುವುದು ಡಬ್ಬಿಯೇ ಇಲ್ಲದ ‘ವರ್ಚುವಲ್’ ನಮೂನೆ. ಅಲ್ಲಿಗೆ ಹೋದದ್ದಕ್ಕೆ ಸಾಕ್ಷಿಯಾಗಿ ಒಂದು ಪ್ರಶ್ನೆಗೆ ಉತ್ತರ ಕಳಿಸಬೇಕು. ಹೊಸ ವರ್ಚುವಲ್‌ಗಳನ್ನು 2005ರಲ್ಲಿ ನಿಲ್ಲಿಸಿ, 2017ರಲ್ಲಿ ಲೆಕ್ಕ ಹಾಕಿ ಮತ್ತೆ ಬಿಟ್ಟರು. ಈಗ ಇದೇ ಧಾಟಿಯ ಬೇರೆ ಆ್ಯಪ್ ಕೂಡ ಇದೆ. ಇಲ್ಲಿ ಪ್ರಶ್ನೆಯೇ ಡಬ್ಬಿ. ಪ್ರಶ್ನೆ ಹೇಗಿರುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಹೇಗಿರುತ್ತೆ? ಬಹುಪಾಲು ಹೀಗೆ: ಫಲಕದಲ್ಲಿರುವ ಇಸವಿ ಯಾವುದು? ಈ ಶಿಲ್ಪವನ್ನು ಯಾರ ನೆನಪಿಗೆ ಕೊಟ್ಟಿದ್ದಾರೆ? ಪೀಠಕ್ಕೆ ಎಷ್ಟು ಮೆಟ್ಟಿಲು? ಉತ್ತರ ಒಂದೇ ಇರಬೇಕು, ಗೂಗಲ್‌ನಲ್ಲಿ ಸಿಗಬಾರದು, ತಾಳೆ ನೋಡೋಕೆ ಸುಲಭ ಆಗಬೇಕು. ಇಷ್ಟೂ ಷರತ್ತುಗಳನ್ನು ಪೂರೈಸುವ ಜಾಗ ಮ್ಯೂಸಿಯಂನಲ್ಲಿ ಇರೋದು ಒಂದೇ: ಕೃತಿಯ ಪಕ್ಕದ ಹಿತ್ತಾಳೆ ಫಲಕ. ಮಕ್ಕಳು ಓಡಿ ಬಂದು, ಶಿಲ್ಪಕ್ಕೆ ಬೆನ್ನು ಹಾಕಿ, ಫಲಕ ಓದಿ, ಉತ್ತರ ಒತ್ತಿ ಮುಂದಿನ ಗುರುತಿನ ಕಡೆ ಓಡುತ್ತಾರೆ. ನಂದಿ ಮತ್ತೆ ಮುಚ್ಚಳವಾಯಿತು. ಇಲ್ಲಿ ಯಾರೂ ಏನನ್ನೂ ಒಡೆದಿಲ್ಲ ನಿಜ. ನೋಡಿಯೂ ಇಲ್ಲ.

ತೊಂದರೆ ಇರೋದು ಹುಡುಕುವ ಕಣ್ಣಿನ ಸ್ವಭಾವದಲ್ಲೇ ಅನಿಸುತ್ತೆ. ನಿಧಿ ಹುಡುಕುವವನು ಸುತ್ತಲಿನ ನೂರು ವಸ್ತುಗಳಲ್ಲಿ ತೊಂಬತ್ತೊಂಬತ್ತನ್ನು ಕಸ ಅಂತ ಬದಿಗೆ ಸರಿಸುತ್ತಾ ಹೋಗಬೇಕು. ಸಿಕ್ಕಿದ ಕ್ಷಣ ನೋಟ ಮುಗಿಯುತ್ತೆ. ಶಿಲ್ಪ ಕೇಳೋದು ಇದರ ಉಲ್ಟಾ. ಅಲ್ಲಿ ಬದಿಗೆ ಸರಿಸೋಕೆ ಕಸವೇ ಇಲ್ಲ. ಹಾರ್ವರ್ಡಿನ ಕಲಾ ಇತಿಹಾಸಕಾರ್ತಿ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಕೃತಿಯ ಮುಂದೆ ಮೂರು ಗಂಟೆ ಕೂತು ಬನ್ನಿ ಅನ್ನುತ್ತಾರೆ. ಹುಡುಗನೊಬ್ಬ ಸಾಕಿದ ಅಳಿಲನ್ನು ಕೂರಿಸಿಕೊಂಡಿರುವ ಕಾಪ್ಲಿಯ 1765ರ ಚಿತ್ರವನ್ನು ತಾವೇ ಹೀಗೆ ನೋಡುತ್ತಾ ಕೂತಾಗ, ಹುಡುಗನ ಕಿವಿಯ ಆಕಾರ ಮತ್ತು ಅಳಿಲಿನ ಹೊಟ್ಟೆಯ ರೋಮದಂಚಿನ ಆಕಾರ ಒಂದೇ ಅಂತ ಕಾಣೋಕೆ ಅವರಿಗೇ ಒಂಬತ್ತು ನಿಮಿಷ ಹಿಡಿಯಿತಂತೆ. ಅದು ಅವರ ವೃತ್ತಿ! ಮೂರು ಗಂಟೆ ನಮಗೆ ನಿಮಗೆ ಆಗದ ಮಾತು, ಮೀಟಿಂಗ್ ಇರುತ್ತೆ. ಆದರೆ 17 ಸೆಕೆಂಡನ್ನು ಒಂಬತ್ತು ನಿಮಿಷಕ್ಕೆ ಎಳೆಯುವಂಥ ಆಟ ಸಾಧ್ಯವಾ ಅಂತ ಕೇಳಬಹುದಲ್ಲ.

ಇದನ್ನು ಒಂದು ನಿಜವಾದ ಜಾಗದ ಮೇಲೆ ಪರೀಕ್ಷೆ ಮಾಡಿ ನೋಡೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟರ್ ಆರ್ಟ್ಸ್ ಸೆಂಟರ್ ಇರಲಿ. ಅಲ್ಲಿನವರು ನಡೆಸಿದ ಯಾವುದೋ ಅಧಿಕೃತ ಆಟದ ಬಗ್ಗೆ ನಾನು ಹೇಳ್ತಿಲ್ಲ. ಆಟ ಎಲ್ಲಿ ನಿಲ್ಲುತ್ತೆ, ಎಲ್ಲಿ ಬೀಳುತ್ತೆ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಅಂಗಳ ಇಲ್ಲ, ಅದಕ್ಕೆ. ಬೇ ಏರಿಯಾದಲ್ಲಿ ನೆಲೆಸಿದ ಕನ್ನಡದವರು ಊರಿಂದ ಬಂದ ಅಪ್ಪ ಅಮ್ಮನನ್ನು ತಪ್ಪದೆ ಕರೆದುಕೊಂಡು ಹೋಗುವ ಜಾಗವೂ ಹೌದು. ಹೂವರ್ ಟವರ್, ಚರ್ಚ್, ಹುಲ್ಲುಹಾಸು, ‘ನಮ್ಮ ಪುಟ್ಟಿ ಇಲ್ಲೇ ಓದಬೇಕು’ ಎಂಬ ಒಂದು ಸಂಕಲ್ಪ, ನಾಲ್ಕು ಫೋಟೋ, ಆಮೇಲೆ ಊಟಕ್ಕೆ.

ಈ ಮ್ಯೂಸಿಯಂ ಹುಟ್ಟಿದ್ದೇ ಒಬ್ಬ ಹುಡುಗನ ಹುಡುಕಾಟದಿಂದ. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಜೂನಿಯರ್‌ಗೆ ಹಳೇ ವಸ್ತು ಕೂಡಿಡುವ ಹುಚ್ಚು. 1884ರಲ್ಲಿ ಫ್ಲಾರೆನ್ಸ್‌ನಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಾಗ ಅವನಿಗೆ 15 ವರ್ಷ. ಇದ್ದೊಬ್ಬ ಮಗನ ಹೆಸರಲ್ಲಿ ತಂದೆ ತಾಯಿ ವಿಶ್ವವಿದ್ಯಾಲಯವನ್ನೂ ಮ್ಯೂಸಿಯಮ್ಮನ್ನೂ ಕಟ್ಟಿದರು. 1894ರಲ್ಲಿ ತೆರೆದ ಕಟ್ಟಡದ ಬಹುಭಾಗ 1906ರ ಭೂಕಂಪದಲ್ಲಿ ಬಿತ್ತು. ಉಳಿದದ್ದು 1989ರ ಭೂಕಂಪದಲ್ಲಿ ಬಾಗಿಲು ಹಾಕಿ, 1999ರಲ್ಲಿ ಕ್ಯಾಂಟರ್ ಹೆಸರಿನೊಂದಿಗೆ ಮತ್ತೆ ತೆರೆಯಿತು. ಬಿ. ಜೆರಾಲ್ಡ್ ಕ್ಯಾಂಟರ್ ರೋದಾನ ಕಂಚಿನ ಶಿಲ್ಪಗಳ ಹುಚ್ಚಿನವರು. ಅವರೂ ಪ್ರೊಫೆಸರ್ ಆಲ್ಬರ್ಟ್ ಎಲ್ಸನ್ ಅವರೂ ಸೇರಿ ಮಾಡಿದ ರೋದಾ ಶಿಲ್ಪೋದ್ಯಾನ 1985ರಿಂದ ಮ್ಯೂಸಿಯಂ ಪಕ್ಕದಲ್ಲಿದೆ. ಇಪ್ಪತ್ತು ಕಂಚಿನ ಶಿಲ್ಪಗಳು. ಟಿಕೆಟ್ ಇಲ್ಲ, ಗೇಟ್ ಇಲ್ಲ, ಹಗಲು ರಾತ್ರಿ ತೆರೆದಿರುತ್ತೆ.

ಅಲ್ಲಿ ‘ನರಕದ ದ್ವಾರ’ ಇದೆ. 1880ರಲ್ಲಿ ಪ್ಯಾರಿಸ್ಸಿನ ಒಂದು ಮ್ಯೂಸಿಯಂಗೆ ಬಾಗಿಲು ಬೇಕು ಅಂತ ಸರ್ಕಾರ ಕೇಳಿತು. ಅಂದುಕೊಂಡ ಮ್ಯೂಸಿಯಂ ಅಲ್ಲಿ ಕಟ್ಟಲೇ ಇಲ್ಲ. ರೋದಾ 1917ರಲ್ಲಿ ಸಾಯುವವರೆಗೂ ಬಾಗಿಲು ಕೆತ್ತುತ್ತಲೇ ಇದ್ದ, ಕಂಚಿನಲ್ಲಿ ಅದನ್ನು ನೋಡಲಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿರೋದು ಐದನೇ ಎರಕ. ಆರು ಮೀಟರಿಗೂ ಎತ್ತರ, ಸುಮಾರು 180 ಆಕೃತಿಗಳು, ಯಾವತ್ತೂ ತೆರೆಯದ ಬಾಗಿಲು. ಇದಕ್ಕೆ ಫಲಕದ ಪ್ರಶ್ನೆ ಮಾಡೋದು ಸುಲಭ: ಎರಕ ಎಷ್ಟನೆಯದು? ಉತ್ತರ 5. ಪಾಯಿಂಟ್ ಬಂತು.

ಈಗ ಇನ್ನೊಂದು ಪ್ರಶ್ನೆ. ಬಾಗಿಲಿನ ತುತ್ತತುದಿಯಲ್ಲಿ ತಲೆ ತಗ್ಗಿಸಿ ಮೂವರು ಗಂಡಸರು ನಿಂತಿದ್ದಾರೆ. ಅಲ್ಲಿ ಎಷ್ಟು ಜನ ಇದ್ದಾರೆ?

ಮೂವರು ಅಂತೀರಿ. ಅಲ್ಲ, ಒಬ್ಬನೇ. ರೋದಾ ಒಂದೇ ಆಕೃತಿಯನ್ನು ಮೂರು ಸಲ ಎರಕ ಹೊಯ್ದು, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ನಿಲ್ಲಿಸಿದ್ದಾನೆ. ನಡುವೆ ಇರುವವನ ಎಡಭುಜ ಆಚೆಯವನಲ್ಲಿ ಯಾವ ಕಡೆ ಹೋಯಿತು ಅಂತ ನೋಡಬೇಕಾದರೆ ನೀವು ಎಡಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು ಹೆಜ್ಜೆ ಓಡಾಡಬೇಕು. ಕತ್ತು ನೋಯುತ್ತೆ. ಗೂಗಲ್ ಮಾಡಿದರೆ ಉತ್ತರ ಒಂದು ಸೆಕೆಂಡಿನಲ್ಲಿ ಸಿಗುತ್ತೆ, ಮಾಡಿಕೊಳ್ಳಿ ಪರವಾಗಿಲ್ಲ. ಉತ್ತರ ಗೊತ್ತಾದ ಮೇಲೂ ಕಣ್ಣಿಗೆ ಕೆಲಸ ಬಾಕಿ ಇರುತ್ತೆ. ಅಜ್ಜಿ ಹೇಳುವ ಒಗಟಿನ ಹಾಗೆ: ಉತ್ತರ ‘ಬೆಂಕಿ’ ಅಂತ ನಿಮಗೆ ಮೊದಲೇ ಗೊತ್ತಿದ್ದರೂ ಅವತ್ತು ಒಲೆಯ ಮುಂದೆ ಕೂತಾಗ ಬೆಂಕಿ ಬೇರೆ ಥರ ಕಾಣುತ್ತೆ. ಜಿಯೋಕ್ಯಾಶಿಂಗ್‌ನವರು ಕಷ್ಟಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಫಲಕದ ಪ್ರಶ್ನೆಗೆ ಒಂದು, ಇದಕ್ಕೆ ನಾಲ್ಕೂವರೆ.

ಮುಖ್ಯ ಚೌಕದ ಕಡೆ ಹೋದರೆ ‘ಬರ್ಗರ್ಸ್ ಆಫ್ ಕ್ಯಾಲೆ’. ತಿನ್ನೋ ಬರ್ಗರ್ ಅಲ್ಲ, ಕ್ಯಾಲೆ ಊರಿನ ನಾಗರಿಕರು. 1347ರಲ್ಲಿ ಇಂಗ್ಲೆಂಡಿನ ದೊರೆ ಮುತ್ತಿಗೆ ಹಾಕಿದಾಗ ಊರು ಉಳಿಸೋಕೆ ಕೊರಳಿಗೆ ಹಗ್ಗ ಹಾಕಿಕೊಂಡು ಸಾಯಲು ಹೊರಟ ಆರು ಜನ. ಕೊನೆಗೆ ರಾಣಿ ಬೇಡಿಕೊಂಡು ಬದುಕಿಸಿದಳು ಅನ್ನೋದು ಕಥೆ. ಅವರನ್ನು ಎತ್ತರದ ಪೀಠದ ಮೇಲಲ್ಲ, ಊರ ಜನ ಓಡಾಡುವ ಕಲ್ಲುಹಾಸಿನ ಮಟ್ಟದಲ್ಲೇ ನಿಲ್ಲಿಸಬಹುದು ಅನ್ನೋದು ರೋದಾನ ಆಸೆಯಾಗಿತ್ತು. ಕ್ಯಾಲೆಯವರು 1895ರಲ್ಲಿ ಪೀಠದ ಮೇಲೆ ಏರಿಸಿಬಿಟ್ಟರು, 1924ರಲ್ಲಿ ಕೆಳಗಿಳಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ನೆಲದ ಮೇಲೇ ಇದ್ದಾರೆ, ಆದರೆ ಬಿಡಿಬಿಡಿಯಾಗಿ. ಸಾಯಲು ಒಟ್ಟಿಗೆ ಹೊರಟವರು ಒಬ್ಬರನ್ನೊಬ್ಬರು ತಾಗದೆ ಒಂದೇ ಪೀಠದಲ್ಲಿ ಇಕ್ಕಟ್ಟಾಗಿ ನಿಂತಾಗ ಹುಟ್ಟುವ ಒಂಟಿತನ ಇಲ್ಲಿ ಸಡಿಲವಾಗಿದೆ, ಅದು ನಷ್ಟ. ಅವರ ನಡುವೆ ಏಳನೆಯವರಾಗಿ ನೀವು ನಡೆಯಬಹುದು, ಅದು ಲಾಭ. ಇಲ್ಲಿ ಎಲ್ಲರೂ ಮಾಡೋದು ಒಂದೇ, ಭುಜದ ಮೇಲೆ ಕೈ ಹಾಕಿ ಫೋಟೋ. ತಪ್ಪೇನಿಲ್ಲ, ಅದೂ ಒಂದು ಸ್ಪರ್ಶ. ಆದರೆ ಕೀಲಿಕೈ ಹಿಡಿದಿರುವ ಜಾನ್ ದೇರ್‌ನ ಕೈಗಳನ್ನು ನೋಡಿ, ಅವನು ಹಿಡಿದ ಹಾಗೆ ನಿಮ್ಮ ಕಾರಿನ ಕೀ ಹಿಡಿದು ಒಂದು ನಿಮಿಷ ನಿಲ್ಲಿ, ಮೈಯಲ್ಲಿ ಎಲ್ಲೆಲ್ಲಿ ಬಿಗಿಯುತ್ತೆ ಹೇಳಿ ಅಂತ ಯಾವ ಆಟವಾದರೂ ಕೇಳಿದ್ದರೆ? ಇದಕ್ಕೆ ಒಂದೇ ಸರಿ ಉತ್ತರ ಇಲ್ಲ, ಆ್ಯಪ್ ತಾಳೆ ನೋಡಲಾರದು. ಅದಕ್ಕೇ ಕೇಳೋದಿಲ್ಲ.

ಕೈ ಅಂದಾಗ ನೆನಪಾಯಿತು. 2014ರಲ್ಲಿ ಕ್ಯಾಂಟರ್‌ನಲ್ಲಿ ರೋದಾನ ಕೈಗಳದ್ದೇ ಒಂದು ಪ್ರದರ್ಶನ ನಡೆದಿತ್ತು. ಅದರ ಹಿಂದಿದ್ದವರು ಸ್ಟ್ಯಾನ್‌ಫರ್ಡಿನ ಕೈ ಶಸ್ತ್ರಚಿಕಿತ್ಸಕ ಜೇಮ್ಸ್ ಚಾಂಗ್. ಈ ಡಾಕ್ಟರು ರೋದಾನ ಬಿಡಿ ಕೈಗಳನ್ನು ತಮ್ಮ ಪಾಠಕ್ಕೆ ಬಳಸುತ್ತಿದ್ದರು: ಈ ಬೆರಳು ಯಾಕೆ ಹೀಗೆ ಮಡಚಿದೆ, ಈ ಕೈಯವನಿಗೆ ಏನು ಕಾಯಿಲೆ, ನೀವಾದರೆ ಎಲ್ಲಿ ಕೊಯ್ಯುತ್ತೀರಿ? ಪ್ರದರ್ಶನದಲ್ಲಿ ಐಪ್ಯಾಡ್ ಹಿಡಿದರೆ ಕಂಚಿನ ಕೈಯೊಳಗೆ ಮೂಳೆ, ನರ, ರಕ್ತನಾಳ ಕಾಣುವ ಏರ್ಪಾಡಿತ್ತು. ಐಪ್ಯಾಡಿನ ಮಾಯೆ ಬಿಡಿ, ಅದು ಎರಡು ವರ್ಷಕ್ಕೆ ಹಳತಾಗುತ್ತೆ. ಪ್ರಶ್ನೆ ಹಳತಾಗೋದಿಲ್ಲ. ‘ಈ ಕೈಗೆ ಏನಾಗಿದೆ’ ಅಂತ ಒಂದು ಸಲ ಕೇಳಿಸಿಕೊಂಡವರು ಶಿಲ್ಪವನ್ನು ಸುತ್ತು ಹಾಕದೆ ಇರೋಕಾಗಲ್ಲ. ರೋಗಿಯ ಕೈಯನ್ನು ಯಾವ ಡಾಕ್ಟರೂ 17 ಸೆಕೆಂಡ್ ನೋಡಿ ಎದ್ದುಹೋಗಲ್ಲ. (ಹೋಗುವವರನ್ನು ನಾವೆಲ್ಲ ಕಂಡಿದ್ದೇವೆ, ಅದು ಬೇರೆ ಲೇಖನ.)

ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿಗೆ ಇರುವ ದೊಡ್ಡ ಅನುಕೂಲ ಇದು, ಬೇರೆ ಮ್ಯೂಸಿಯಂಗಳಿಗೆ ಇಲ್ಲದ್ದು. ಅದರ ಪಕ್ಕದ ಕಟ್ಟಡದಲ್ಲೇ ಸರ್ಜನ್ ಇದ್ದಾರೆ, ಭೂವಿಜ್ಞಾನಿ ಇದ್ದಾರೆ, ಲೋಹ ಕರಗಿಸುವವರಿದ್ದಾರೆ, ಪ್ರಶ್ನೆ ಕೇಳೋದನ್ನೇ ಸಂಬಳಕ್ಕೆ ಮಾಡುವವರಿದ್ದಾರೆ. ಅವರನ್ನೆಲ್ಲ ಬಿಟ್ಟು ಪ್ರವಾಸೋದ್ಯಮದವರ ಫಲಕದ ಪ್ರಶ್ನೆಗಳನ್ನು ಕಡ ತಂದುಕೊಳ್ಳೋದು ಸೋಮಾರಿತನ. ನನಗೆ ಸಿಟ್ಟು ಬರೋದು ಆಟ ಆಡಿಸ್ತಾರೆ ಅಂತಲ್ಲ, ಇಷ್ಟು ಕೆಟ್ಟದಾಗಿ ಆಡಿಸ್ತಾರೆ ಅಂತ. ಆಫೀಸಿನಲ್ಲಿ ಸ್ಟೆಪ್ ಎಣಿಸಿ ಬ್ಯಾಡ್ಜ್ ಕೊಡುವ ಆ್ಯಪ್ ನಿಮಗೆ ಗೊತ್ತಿದೆ. ಬ್ಯಾಡ್ಜ್ ಬರೋದು ನಡೆದದ್ದಕ್ಕೆ, ಏನು ನೋಡಿದಿರಿ ಅಂತ ಅದು ಕೇಳಲ್ಲ. ಮ್ಯೂಸಿಯಂ ವರದಿಯಲ್ಲೂ ‘ಎಂಗೇಜ್‌ಮೆಂಟ್’ ಅಂದರೆ ತಲೆ ಎಣಿಕೆಯೇ ಆಗಿಬಿಟ್ಟರೆ ಇನ್ನೇನು ಉಳಿಯಿತು?

ಆಟ ನಿಜಕ್ಕೂ ಗೆಲ್ಲುವ ಜಾಗವೂ ಅದೇ ಕ್ಯಾಂಪಸ್ಸಿನಲ್ಲಿದೆ, ಹೇಳದಿದ್ದರೆ ಅನ್ಯಾಯ. ಮ್ಯೂಸಿಯಂ ಹತ್ತಿರ ಆ್ಯಂಡಿ ಗೋಲ್ಡ್ಸ್‌ವರ್ದಿ 2001ರಲ್ಲಿ ಕಟ್ಟಿದ ‘ಸ್ಟೋನ್ ರಿವರ್’ ಇದೆ. 320 ಅಡಿ ಉದ್ದಕ್ಕೆ ಹಾವಿನಂತೆ ಹರಿಯುವ ಮರಳುಗಲ್ಲಿನ ಗೋಡೆ. ಅಗೆದ ತಗ್ಗಿನೊಳಗೆ ನೆಲಮಟ್ಟಕ್ಕಿಂತ ಕೆಳಗಿರುವುದರಿಂದ ಹತ್ತಿರ ಹೋಗುವವರೆಗೆ ಕಾಣೋದೇ ಇಲ್ಲ, ಗೊತ್ತಿಲ್ಲದವರು ಪಕ್ಕದಲ್ಲೇ ಹಾದು ಹೋಗ್ತಾರೆ. ಅದರ ಕಲ್ಲುಗಳು 1906 ಮತ್ತು 1989ರ ಭೂಕಂಪಗಳಲ್ಲಿ ಬಿದ್ದ ಇದೇ ಕ್ಯಾಂಪಸ್ಸಿನ ಕಟ್ಟಡಗಳವು. ಇಂಥದಕ್ಕೆ ಅಕ್ಷಾಂಶ ರೇಖಾಂಶ ಕೊಟ್ಟು ಕಳಿಸೋದು ಸರಿಯಾದ ಕೆಲಸ. ಇಲ್ಲಿ ಡಬ್ಬಿ ಬೇಡ, ಫಲಕ ಬೇಡ. ಸಿಕ್ಕಿದ್ದೇ ನಿಧಿ.

ಬಚ್ಚಿಡಲೇಬಾರದ ಜಾಗವೂ ಇದೆ. ಲೋಮಿಟಾ ಡ್ರೈವ್ ಹಿಡಿದು ಹೋದರೆ ಮರಗಳ ತೋಪಿನಲ್ಲಿ ಪಾಪುವಾ ನ್ಯೂ ಗಿನಿ ಶಿಲ್ಪೋದ್ಯಾನ. 1994ರಲ್ಲಿ ಸೆಪಿಕ್ ನದಿ ಸೀಮೆಯ ಕ್ವೋಮಾ ಮತ್ತು ಯಾಟ್ಮುಲ್ ಸಮುದಾಯಗಳ ಹತ್ತು ಮಂದಿ ಕೆತ್ತನೆಗಾರರು ಇಲ್ಲಿಗೇ ಬಂದು, ತಿಂಗಳುಗಟ್ಟಲೆ ಇದ್ದು, ಜನರ ಕಣ್ಣೆದುರೇ ಮರದ ಕಂಬಗಳನ್ನೂ ಹಗುರ ಕಲ್ಲುಗಳನ್ನೂ ಕೆತ್ತಿದರು. ಕಂಬಗಳ ಮೇಲಿರುವುದು ಅವರವರ ಕುಲದ ಕಥೆಗಳು. ಬಿಸಿಲು, ಮಳೆಗೆ ಮರ ಮಾಗುತ್ತಿದೆ. ಡಬ್ಬಿ ಬಚ್ಚಿಡೋಕೆ ಇಡೀ ಕ್ಯಾಂಪಸ್ಸಿನಲ್ಲಿ ಇದಕ್ಕಿಂತ ಆಸೆ ಹುಟ್ಟಿಸುವ ಜಾಗ ಇಲ್ಲ: ಮರ, ಪೊದೆ, ಪೊಟರೆ, ಕತ್ತಲೆ, ಸ್ವಲ್ಪ ಭಯ. ಆ ಭಯವನ್ನು ಆಟದ ಅಲಂಕಾರ ಮಾಡಿಕೊಳ್ಳೋದೇ ಅಲ್ಲಿ ತಪ್ಪು. 2016ರಲ್ಲಿ ಪೊಕೆಮಾನ್ ಗೋ ಹುಚ್ಚು ಹತ್ತಿದಾಗ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ದಯವಿಟ್ಟು ಇಲ್ಲಿ ಆಡಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಅಲ್ಲಿ ಯಾಕೆ ಅಂತ ಎಲ್ಲರಿಗೂ ಅರ್ಥವಾಯಿತು. ಪರರ ಕುಲದೇವರ ಕಂಬದ ಬುಡದಲ್ಲಿ ಪ್ಲಾಸ್ಟಿಕ್ ಡಬ್ಬಿ ಯಾಕೆ ಬೇಡ ಅನ್ನೋದು ಅಷ್ಟು ಸುಲಭಕ್ಕೆ ಅರ್ಥವಾಗಲ್ಲ. ನಮ್ಮೂರ ನಾಗರಕಟ್ಟೆ ಅಂದುಕೊಳ್ಳಿ, ಆಗುತ್ತೆ.

ಆಟ ಇಲ್ಲದಿದ್ದರೆ ಆ ಮಕ್ಕಳು ಮ್ಯೂಸಿಯಂ ಹತ್ತಿರಕ್ಕೇ ಬರ್ತಿರಲಿಲ್ಲ, ಫಲಕವನ್ನಾದರೂ ಓದಿದರಲ್ಲ ಅಂತ ಒಂದು ವಾದ ಇದೆ. ತಳ್ಳಿಹಾಕುವಂಥದ್ದಲ್ಲ. ನನ್ನ ತಕರಾರು ಇಷ್ಟೆ: ಬಂದವರನ್ನು ಹತ್ತು ಅಡಿ ದೂರದಿಂದಲೇ ವಾಪಸ್ ಕಳಿಸಬೇಡಿ. ಈ ಆಟದ ಹಳೇ ಕಾಲದಲ್ಲಿ ಡಬ್ಬಿಯ ಪುಸ್ತಕದಲ್ಲಿ ಜನ ಅರ್ಧರ್ಧ ಪುಟ ಬರೀತಿದ್ದರು, ದಾರಿ ಹೇಗಿತ್ತು, ಮಳೆ ಬಂತು, ನಾಯಿ ಅಟ್ಟಿಸಿಕೊಂಡು ಬಂತು ಅಂತ. ಈಗ ‘ಟಿಎಫ್‌ಟಿಸಿ’ ಅಂತ ನಾಲ್ಕಕ್ಷರ. ಡಬ್ಬಿಗೆ ಥ್ಯಾಂಕ್ಸ್ ಅಂತ ಅರ್ಥ. ಮ್ಯೂಸಿಯಂ ಆ ಪುಸ್ತಕವನ್ನು ವಾಪಸ್ ತರಲಿ. ಇಸವಿ ಕೇಳೋ ಬದಲು ಒಂದು ವಾಕ್ಯ ಬರೆಯೋಕೆ ಹೇಳಲಿ, ತಾಳೆ ನೋಡೋಕೆ ಬದಲು ಓದಲಿ.

ನನ್ನನ್ನು ಕೇಳಿದರೆ ಅಲ್ಲಿನ ಆಟಕ್ಕೆ ಎರಡೇ ಗುರುತು ಸಾಕು. ಮೊದಲನೆಯದು ನರಕದ ದ್ವಾರ. ಆ ಮೂವರ, ಅಂದರೆ ಆ ಒಬ್ಬನ, ಕೆಳಗೆ ಗಲ್ಲಕ್ಕೆ ಕೈಯಿಟ್ಟು ಕೂತಿರುವ ಪುಟ್ಟ ಆಕೃತಿ ಇದೆ. ಅದೇ ‘ಥಿಂಕರ್’, ಜಗತ್ತೆಲ್ಲ ಬಲ್ಲ ಶಿಲ್ಪ ಹುಟ್ಟಿದ ಜಾಗ. ಎರಡನೆಯದು ಪಾಪುವಾ ನ್ಯೂ ಗಿನಿ ತೋಪು. ಅಲ್ಲಿಗೆ ಬಂದ ಕೆತ್ತನೆಗಾರರಲ್ಲಿ ಒಬ್ಬರು ರೋದಾನ ಥಿಂಕರ್‌ಗೆ ಉತ್ತರವಾಗಿ ತಮ್ಮದೇ ಒಂದು ಥಿಂಕರ್ ಕೆತ್ತಿಟ್ಟು ಹೋಗಿದ್ದಾರೆ. ಪ್ರಶ್ನೆ ಒಂದೇ: ಇವರಿಬ್ಬರೂ ಒಂದೇ ವಿಷಯ ಯೋಚನೆ ಮಾಡ್ತಿದ್ದಾರಾ? ನಡುವೆ ಹತ್ತು ಹದಿನೈದು ನಿಮಿಷದ ನಡಿಗೆ. ಫೋನ್ ಜೇಬಲ್ಲೇ ಇರಲಿ, ದಾರಿ ತಪ್ಪಿದರೆ ಲೋಮಿಟಾ ಡ್ರೈವ್ ಎಲ್ಲಿ ಅಂತ ಸೈಕಲ್ಲಿನಲ್ಲಿ ಹೋಗುವ ಯಾವುದಾದರೂ ಹುಡುಗನನ್ನು ನಿಲ್ಲಿಸಿ ಕೇಳಿ.